ಮಂಜಿಲ್ಲದ ಶುಕ್ರವಾರ

ಕೋಚಾ ಸರೋವರಕ್ಕೆ ಮೋಟಾರು ದೋಣಿಗಳು ಬಂದು ಇಪ್ಪತ್ತು ವರ್ಷ ಕಳೆದರೂ ಕೈಯಿಂದ ಹುಟ್ಟು ಬಿಡದವನು ಎಲಿಸೇಯೊ ಹೋಸಾ ಒಬ್ಬನೇ. ವಯಸ್ಸು ಅರವತ್ತೊಂಬತ್ತು. ಮೈ ಒಣಗಿದೆ, ಹೆಗಲು ಮಾತ್ರ ಇನ್ನೂ ಎತ್ತಿನ ಹೆಗಲು. ದೋಣಿ ಸಂಘದವರು ಅವನನ್ನು ಅವನ ಪಾಡಿಗೆ ಬಿಟ್ಟಿದ್ದಾರೆ. ‘ಸದ್ದಿಲ್ಲದ ದೋಣಿ ಇದ್ದರೆ ಕೊಡಿ’ ಎಂದು ಕೇಳುವ ಪ್ರವಾಸಿಗರು ವಾರಕ್ಕೆ ನಾಲ್ಕೈದು ತಂಡ ಬರುತ್ತಾರೆ; ಅವರೆಲ್ಲ ಎಲಿಸೇಯೊನ ಪಾಲು. ಬಂದವರು ದೋಣಿಯಲ್ಲಿ ಕೂತು ಸುತ್ತಲ ಹಸಿರು ಗುಡ್ಡ ನೋಡುತ್ತಾರೆ, ನೀರು ನೋಡುತ್ತಾರೆ, ‘ಎಂಥ ಶಾಂತಿ! ಇಲ್ಲಿ ಹುಟ್ಟೋಕೆ ಪುಣ್ಯ ಮಾಡಿರ್ಬೇಕು’ ಎನ್ನುತ್ತಾರೆ. ‘ಹೌದು ಸ್ವಾಮಿ’ ಎನ್ನುತ್ತಾನೆ ಎಲಿಸೇಯೊ. ಈ ಶಾಂತಿ ಎನ್ನುವುದು ಅರ್ಧ ದಿನ ನೋಡಿ ಊಟ ಮಾಡಿ ಹೋಗುವವರಿಗೆ ಸಿಗುವ ವಸ್ತು. ನಲವತ್ತೊಂದು ವರ್ಷದಿಂದ ಒಂದೇ ಸುಳ್ಳನ್ನು ಹೊತ್ತುಕೊಂಡು ಅದೇ ನೀರಿನ ಮೇಲೆ ಓಡಾಡುವವನಿಗೆ ಅದು ಎಲ್ಲಿಂದ ಬರಬೇಕು?

‘ಆ ಶುಕ್ರವಾರ ಮಂಜು ಮುಸುಕಿತ್ತು’ ಎನ್ನುವುದೇ ಆ ಸುಳ್ಳು.

ಇದು ಎಷ್ಟು ದೊಡ್ಡ ಸುಳ್ಳೆಂದು ತಿಳಿಯಬೇಕಾದರೆ ನಮ್ಮ ಹಳೆಯ ಪದ್ಧತಿ ತಿಳಿದಿರಬೇಕು. ಆಗ ಆಚೆ ದಡದ ಸಾನ್ ಬ್ರೂನೊಗೆ ರಸ್ತೆ ಇರಲಿಲ್ಲ, ಫೋನಿನ ಹೆಸರೂ ಇರಲಿಲ್ಲ. ಗುಡ್ಡದಲ್ಲಿ ಇದ್ದಿಲು ಸುಡುವ ಮೂವತ್ತು ಮನೆಗಳ ಊರು ಅದು. ಅಲ್ಲಿಯವರಿಗೆ ಈಚೆ ದಡದ ದೋಣಿ ಬೇಕಾದರೆ ನೀರಿನ ಅಂಚಿನ ಗಳುವಿನ ಮೇಲೆ ಒಂದು ಬಿಳಿ ಬಟ್ಟೆ ಹಾಕುತ್ತಿದ್ದರು. ಒಂದು ಬಿಳಿ ಬಟ್ಟೆ ಎಂದರೆ ದೋಣಿ ಕಳಿಸಿ. ಎರಡು ಎಂದರೆ ಯಾರಿಗೋ ಹುಷಾರಿಲ್ಲ, ಮದ್ದಿನ ಕ್ಲೆಮೆನ್ಸಿಯಾಳನ್ನು ಕರೆತನ್ನಿ. ಕರಿ ಬಟ್ಟೆ ಎಂದರೆ ಸಾವು, ಎಲ್ಲರೂ ಬನ್ನಿ. ಬಟ್ಟೆ ಕಂಡ ದೋಣಿಯವನು ಉಣ್ಣುವ ತಟ್ಟೆ ಬಿಟ್ಟು ಏಳಬೇಕು. ಹೋಗದೆ ಇದ್ದರೆ ಒಪ್ಪುವ ಕಾರಣ ಒಂದೇ, ಮಂಜು. ಕಂಡೂ ಹೋಗದವನ ದೋಣಿಗೆ ಆಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ಆದ್ದರಿಂದ ಎರಡೂ ದಡದಲ್ಲಿ ಒಗೆದ ಬಟ್ಟೆಯನ್ನು ಮನೆಯ ಹಿಂದೆ, ನೀರಿಗೆ ಕಾಣದ ಹಾಗೆ ಒಣಗಿಸುವುದು ವಾಡಿಕೆ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ಮೂರು ದಿನಕ್ಕೂ ಒಣಗದೆ ನಮ್ಮ ಬಟ್ಟೆಗಳೆಲ್ಲ ಹೊಗೆ ವಾಸನೆ ಹೊಡೆಯುತ್ತಿದ್ದವು. ಯಾರೂ ದೂರಲಿಲ್ಲ.

ಇದೊಂದೂ ಗೊತ್ತಿಲ್ಲದೆ ಬಂದವಳು ಎಸ್ನೇದಾ ಕೈಸೆದೊ. ಇಪ್ಪತ್ನಾಲ್ಕರ ಹುಡುಗಿ, ಸಾನ್ ಬ್ರೂನೊ ಶಾಲೆಗೆ ಮೊದಲ ಟೀಚರು. ಪಾತಿಯಾ ಕಣಿವೆಯವಳು, ಅಲ್ಲಿ ಹಾಕಿದ ಬಟ್ಟೆ ಹಿಂತಿರುಗಿ ನೋಡುವಷ್ಟರಲ್ಲಿ ಗರಿಗರಿ ಒಣಗಿರುತ್ತದಂತೆ. ಬಂದ ಮೊದಲ ಶನಿವಾರ ಗಂಟುಮೂಟೆ ಬಿಚ್ಚಿ ಎಲ್ಲವನ್ನೂ ಒಗೆದಳು. ಊರೆಲ್ಲ ಸುತ್ತಿ, ಬಿಸಿಲೂ ಗಾಳಿಯೂ ಇರುವ ಒಂದೇ ಒಂದು ಜಾಗ ಹುಡುಕಿ, ನೀರಂಚಿನ ಗಳುವಿನ ಮೇಲೆ ಎರಡು ಬಿಳಿ ದುಪ್ಪಟಿಗಳನ್ನೂ ಒಂದು ಕರಿ ಲಂಗವನ್ನೂ ಹರವಿ, ಒಳಗೆ ಹೋಗಿ ಆಲೂಗಡ್ಡೆ ಬೇಯಲಿಟ್ಟಳು. ಗಂಡಸರೆಲ್ಲ ಇದ್ದಿಲ ಗುಂಡಿಗಳ ಹತ್ತಿರ ಗುಡ್ಡದ ಮೇಲಿದ್ದರು, ಹೆಂಗಸರು ಸೌದೆಗೆ ಹೋಗಿದ್ದರು. ಹೇಳುವವರು ಯಾರಿದ್ದರು?

ಮೊದಲು ಬಂದು ಮುಟ್ಟಿದವನು ಎಲಿಸೇಯೊ, ದೋಣಿಯಲ್ಲಿ ಕ್ಲೆಮೆನ್ಸಿಯಾಳನ್ನು ಕೂರಿಸಿಕೊಂಡು. ಗಂಟೆಯ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ಹೊಡೆದಿದ್ದ. ಮುದುಕಿ ದಡಕ್ಕೆ ಹಾರಿ ಶಾಲೆಯ ಬಾಗಿಲು ಬಡಿದಳು. ಒದ್ದೆ ಕೂದಲಿಗೆ ಟವೆಲು ಸುತ್ತಿದ ಹುಡುಗಿಯೊಬ್ಬಳು ಕೈಯಲ್ಲಿ ಬಿಸಿ ಆಲೂಗಡ್ಡೆ ಹಿಡಿದು ಹೊರಗೆ ಬಂದಳು.

“ರೋಗಿ ಎಲ್ಲಿ?” ಎಂದಳು ಕ್ಲೆಮೆನ್ಸಿಯಾ.

“ಯಾವ ರೋಗಿ?”

“ಎರಡು ಬಿಳೀದು ಹಾಕಿದೀಯಲ್ಲೇ!”

“ಒಗೆದಿದ್ದೆ. ಒಣಗಲಿ ಅಂತ ಹಾಕಿದೆ.”

“ಆ ಕರೀದು?”

“ಅದು ನನ್ನ ಲಂಗ.”

ಕ್ಲೆಮೆನ್ಸಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ನೀರಿನ ಕಡೆ ಕೈ ತೋರಿಸಿದಳು. ಹದಿಮೂರು ದೋಣಿಗಳು ಸಾಲಾಗಿ ಬರುತ್ತಿದ್ದವು. ಬಡಗಿ ನಾಬೋರ್ ಶವಪೆಟ್ಟಿಗೆಯ ಹಲಗೆ ತಂದಿದ್ದ. ಹೆಂಗಸರು ಕರಿ ಶಾಲು ಹೊದ್ದು, ಮೇಣದಬತ್ತಿ, ಕಾಫಿ, ಬ್ರೆಡ್ಡು, ಒಂದು ದೊಡ್ಡ ಹಂಡೆ ತುಂಬ ಹೆರ್ವಿದೊ ತಂದಿದ್ದರು. ಬಿಸಿ ಹಣ್ಣಿನ ರಸಕ್ಕೆ ನಾಟಿ ಸಾರಾಯಿ ಬೆರೆಸುವ ಆ ಪಾನಕವಿಲ್ಲದೆ ನಮ್ಮಲ್ಲಿ ಯಾರನ್ನೂ ಕಳಿಸಿಕೊಡುವುದಿಲ್ಲ. ಇಬ್ಬರು ಆಗಲೇ ಅಳುವುದಕ್ಕೂ ಶುರುಮಾಡಿದ್ದರು.

“ಸತ್ತಿರೋದು ಯಾರು?” ದಡಕ್ಕೆ ಬಂದವರೆಲ್ಲ ಕೇಳಿದರು.

“ಯಾರೂ ಇಲ್ಲ,” ಎಂದಳು ಟೀಚರು.

“ಯಾರೂ ಇಲ್ಲ ಅಂದ್ರೆ ಹೆಂಗಮ್ಮಾ? ಹದಿನಾಲ್ಕು ದೋಣಿ ಬಂದಿದೀವಿ!” ನಾಬೋರ್‌ಗೆ ನಿಜಕ್ಕೂ ಸಿಟ್ಟು ಬಂದಿತ್ತು. “ಈ ಹಲಗೆ ನಾನೇನು ತಲೆಗೆ ಹೊಡ್ಕೊಳ್ಳಾ?”

ಹುಡುಗಿ ಅಳುವುದರಲ್ಲಿದ್ದಳು. ಆಗ ಎಲಿಸೇಯೊ ಬಾಯಿಬಿಟ್ಟ. ಇಡೀ ವರ್ಷದಲ್ಲಿ ಅವನು ಜನರ ನಡುವೆ ಆಡಿದ ಮಾತು ಅದೊಂದೇ ಇರಬೇಕು. “ತಂದಿದ್ದು ತಣ್ಣಗಾಗ್ತಿದೆ. ಹೋದ ತಿಂಗಳು ಮುದುಕ ಪಾಸ್ತೋರ್ ಸತ್ತಾಗ ಮಳೆ ಅಂತ ನಾಲ್ಕೇ ಜನ ಬಂದಿದ್ರು. ಅವನಿಗೇ ಈಗ ಸರಿಯಾಗಿ ಪ್ರಾರ್ಥನೆ ಮಾಡಿ ಬಿಡೋಣ.”

ಹಾಗೇ ಮಾಡಿದರು. ಪಾಸ್ತೋರನ ಹೆಂಡತಿಗಂತೂ ಕಣ್ಣೀರು ತಡೆಯಲಾಗಲಿಲ್ಲ. ಸಂಜೆಯವರೆಗೆ ಜಪ, ಹಾಡು, ಹೆರ್ವಿದೊ. ಹಂಡೆ ಖಾಲಿಯಾಗುವ ಹೊತ್ತಿಗೆ ನಾಬೋರನ ಸಿಟ್ಟೂ ಇಳಿದು, ಹಲಗೆಗಳನ್ನು ಶಾಲೆಗೇ ಕೊಟ್ಟುಬಿಟ್ಟ. ಸಾನ್ ಬ್ರೂನೊದ ಮಕ್ಕಳು ಅ ಆ ಕಲಿತದ್ದು ಶವಪೆಟ್ಟಿಗೆಯ ಬೆಂಚಿನ ಮೇಲೆ ಕೂತು. ಟೀಚರಮ್ಮನನ್ನು ಎರಡೂ ದಡದವರು ಮೂರು ವರ್ಷ ರೇಗಿಸಿದರು: “ಏನು ಟೀಚರಮ್ಮ, ಈ ವಾರ ಯಾರನ್ನ ಸಾಯಿಸ್ತೀರಿ?”

ಆಮೇಲೆ ಅವಳು ಪದ್ಧತಿ ಕಲಿತಳು. ಪ್ರತಿ ಶುಕ್ರವಾರ ಶಾಲೆ ಬಿಟ್ಟ ಮೇಲೆ ಒಂದು ಬಿಳಿ ದುಪ್ಪಟಿ ಹಾಕುತ್ತಿದ್ದಳು. ಎಲಿಸೇಯೊ ಹೋಗಿ ಕರೆತಂದು ಪಟ್ಟಣದ ಬಸ್ಸಿಗೆ ಬಿಡುತ್ತಿದ್ದ. ಭಾನುವಾರ ಮತ್ತೆ ಆಚೆಗೆ. ಬೇರೆ ದೋಣಿಯವರಿರಲಿಲ್ಲವೆಂದಲ್ಲ. ಶುಕ್ರವಾರದ ಬಟ್ಟೆ ಎಲಿಸೇಯೊನದು ಎಂದು ಯಾರೂ ಹೇಳದೆಯೇ ಎಲ್ಲರೂ ಒಪ್ಪಿಕೊಂಡಿದ್ದರು. ನಮ್ಮ ದೋಣಿಯಲ್ಲಿ ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗೆ, ಮುಖ ಕೂತವರ ಕಡೆಗೆ. ವಾರಕ್ಕೆ ಎರಡು ಗಂಟೆ, ನಾಲ್ಕು ವರ್ಷ, ಅವನೆದುರಿಗೆ ಅವಳು. ಅವಳು ಮಾತಾಡುತ್ತಿದ್ದಳು: ಕಣಿವೆಯ ಸೆಕೆ, ಅಪ್ಪನ ದನಗಳು, ಮಕ್ಕಳು ಲೆಕ್ಕ ತಪ್ಪುವ ರೀತಿ. ಅವನು ‘ಹೂಂ’ ಎನ್ನುತ್ತಿದ್ದ. ಒಂದು ದಿನ, ಓದು ಬರುತ್ತದೆಯೇ ಎಂದು ಕೇಳಿದಳು. ಬರದು ಎಂದ. ಅವತ್ತಿನಿಂದ ಒದ್ದೆ ಹಲಗೆಯ ಮೇಲೆ ಬೆರಳಲ್ಲಿ ಒಂದೊಂದೇ ಅಕ್ಷರ ಬರೆದು ತೋರಿಸುತ್ತ ಬಂದಳು. ಅಕ್ಷರ ಆರಿಹೋಗುವುದರೊಳಗೆ ಅವನು ಅದನ್ನು ಹೇಳಬೇಕು. ಒಂದೂವರೆ ವರ್ಷದಲ್ಲಿ ಎಲಿಸೇಯೊ ಓದಲು ಕಲಿತ. ಮನೆಯಲ್ಲಿ ತಂಗಿ ಲಾಸ್ತೇನಿಯಾ ಅವನನ್ನು ಹುರಿದು ಮುಕ್ಕುತ್ತಿದ್ದಳು: “ಅಣ್ಣ ಈಗ ಮೀನಿಗೆಲ್ಲ ಪಾಠ ಹೇಳ್ತಾನೆ. ಹುಡುಗಿ ಹತ್ರ ಮಾತ್ರ ಬಾಯಿಗೆ ಬೀಗ.”

ತಂಗಿಯ ಮಾತು ಸುಳ್ಳಲ್ಲ. ಪ್ರೀತಿ ಎದೆತುಂಬ ಇತ್ತು, ನಾಲಿಗೆಗೆ ಮಾತ್ರ ಇಳಿಯಲಿಲ್ಲ.

ನಾಲ್ಕನೇ ವರ್ಷದ ಕೊನೆಗೆ ಅವಳಿಗೆ ವರ್ಗಾವಣೆಯ ಕಾಗದ ಬಂತು, ಸ್ವಂತ ಊರಿಗೇ. ಆ ಭಾನುವಾರ ದೋಣಿಯಿಂದ ಇಳಿದವಳು ದಡದ ಮೇಲೆ ನಿಂತು ಹೇಳಿದಳು: “ಶುಕ್ರವಾರ ಬೆಳಿಗ್ಗೇನೇ ಬಟ್ಟೆ ಹಾಕ್ತೀನಿ, ಎಲಿಸೇಯೊ. ಪೆಟ್ಟಿಗೆ ಕಟ್ಟಿಟ್ಟಿರ್ತೀನಿ. ಅದು ಬಸ್ಸಿಗೆ ಹೋಗ್ಬೇಕಾ, ಬೇರೆ ಎಲ್ಲಿಗಾದ್ರೂ ಹೋಗ್ಬೇಕಾ, ಬಂದಾಗ ನೀನೇ ಹೇಳು. ನಾನು ಕೇಳಲ್ಲ.” ಒಬ್ಬ ಹೆಣ್ಣುಮಗಳು ಇದಕ್ಕಿಂತ ಹೆಚ್ಚು ಏನು ಹೇಳಬೇಕು? ಕಲ್ಲಿಗಾದರೂ ತಿಳಿಯುವಂತೆ ಹೇಳಿದ್ದಳು.

ಎಲಿಸೇಯೊಗೂ ತಿಳಿದಿತ್ತು. ಸೋಮವಾರದಿಂದ ಅವನು ಮಾತು ಜೋಡಿಸತೊಡಗಿದ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆ, ಒಂದೇ ಕೋಣೆ. ನಡುವೆ ಒಲೆ, ಹೊಗೆ, ಒಲೆಯ ಸುತ್ತ ಕೀಚುಗುಟ್ಟುವ ಕೂಯಿ ಎಂಬ ಸಾಕು ಇಲಿಗಳು, ಹಬ್ಬಕ್ಕೆ ಹುರಿಯಲು. ಬಾಯಿ ಜೋರಿನ ಅಮ್ಮ. ಇದನ್ನೆಲ್ಲ ಮೊದಲೇ ಹೇಳಬೇಡವೇ? ಹೇಳಿದರೆ ಬರಬೇಡ ಎಂದ ಹಾಗಾಗುವುದಿಲ್ಲವೇ? ‘ನಮ್ಮ ಮನೆ ಚಿಕ್ಕದು’ ಎಂದು ಶುರುಮಾಡಿದ. ಅದು ಮನೆ ಮಾರುವವನ ಮಾತಿನ ಹಾಗೆ ಕೇಳಿಸಿತು. ‘ನೀವು ಓದಿದವರು’ ಎಂದು ಶುರುಮಾಡಿದ; ಅದು ಭಾಷಣವಾಯಿತು. ಬಲೆ ಬಿಡಿಸುವಾಗ, ಉಣ್ಣುವಾಗ, ಮಲಗುವಾಗ ತುಟಿ ಅಲ್ಲಾಡಿಸುತ್ತಿದ್ದ. ಅಮ್ಮ, ಮಗನಿಗೆ ಭಕ್ತಿ ಬಂದಿದೆ ಎಂದು ತಿಳಿದು ಸಂತೋಷಪಟ್ಟಳು.

ಶುಕ್ರವಾರ ನಸುಕಿಗೇ ದೋಣಿ ಬಿಟ್ಟ. ಆ ದಿನದಂಥ ದಿನ ಈ ಸರೋವರಕ್ಕೆ ವರ್ಷದಲ್ಲಿ ಹತ್ತು ಬಂದರೆ ಹೆಚ್ಚು. ಮಂಜಿನ ಒಂದು ಎಳೆಯಿಲ್ಲ. ಗುಡ್ಡಗಳ ಒಂದೊಂದು ಮರವೂ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಅರ್ಧ ದಾರಿಗೆ ಬಂದಾಗ ಕತ್ತು ತಿರುಗಿಸಿ ನೋಡಿದ. ಆಚೆ ದಡದಲ್ಲಿ ಬಿಳಿ ದುಪ್ಪಟಿ ಏರಿತ್ತು. ಮಾತು ಇನ್ನೂ ಸಿದ್ಧವಾಗಿರಲಿಲ್ಲ. ಹುಟ್ಟು ಒಳಗೆ ಎಳೆದುಕೊಂಡ. ಒಂದು ನಿಮಿಷ, ಮಾತೊಂದನ್ನು ಸರಿಮಾಡಿಕೊಂಡು ಹೊರಡೋಣ ಎಂದುಕೊಂಡ.

ಮೂರು ಗಂಟೆ ಕೂತ. ಜೋಡಿಸಿದ ಮಾತು ಜೋಡಿಸಿದ ಹಾಗೇ ಕಳಚಿ ಬೀಳುತ್ತಿತ್ತು. ಮುಂದೆ ಹೋಗಲಾರ, ಹಿಂದಕ್ಕೂ ಹೋಗಲಾರ. ಆಮೇಲೆ ತಿರುಗಿ ನೋಡಿದಾಗ ದುಪ್ಪಟಿ ಇರಲಿಲ್ಲ. ಇದ್ದಿಲು ಒಯ್ಯಲು ಬಂದಿದ್ದ ದೋಣಿಯೊಂದು ಸಾನ್ ಬ್ರೂನೊದ ದಡ ಬಿಟ್ಟು, ಅವನಿಂದ ಬಹಳ ದೂರದಲ್ಲಿ, ಬಸ್ಸಿನ ಕಡೆಗೆ ಹೋಗುತ್ತಿತ್ತು.

ಮನೆಗೆ ಬಂದು “ಮಂಜಿತ್ತು, ಬಟ್ಟೆ ಕಾಣಲಿಲ್ಲ” ಎಂದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಲಾಸ್ತೇನಿಯಾ ಆಕಾಶ ನೋಡಿದಳು, ಅಣ್ಣನ ಮುಖ ನೋಡಿದಳು, ಸೂಪು ಬಡಿಸಿದಳು. ಊರಿನವರೂ ಕೇಳಿ ತಲೆಯಾಡಿಸಿದರು. ಅವನ ದೋಣಿಗೆ ಜನ ಹತ್ತುವುದು ನಿಲ್ಲಲಿಲ್ಲ. ಅದಕ್ಕಿಂತ, ಯಾರಾದರೂ ಒಬ್ಬರು ‘ಥೂ ಸುಳ್ಳುಗಾರ’ ಎಂದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಆಮೇಲಿನದೆಲ್ಲ ಬೇಗ ಹೇಳಬಹುದು, ಏಕೆಂದರೆ ಅಲ್ಲಿ ಏನೂ ನಡೆಯಲಿಲ್ಲ. ಅವನು ಮದುವೆಯಾಗಲಿಲ್ಲ. ನಾಬೋರನ ಮಗಳನ್ನು ಕೇಳಿದರು, ಇವನು ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಅವರೇ ಬೇಸತ್ತು ಬಿಟ್ಟರು. ಅಮ್ಮ ಹೋದಳು. ತಂಗಿಯ ಗಂಡ ತೀರಿದ ಮೇಲೆ ಅವಳು ಬಂದು ಜೊತೆಗಿದ್ದಾಳೆ. ಮಳೆಗಾಲದಲ್ಲಿ, ಜ್ವರದಲ್ಲಿ, ಹಬ್ಬದ ದಿನದಲ್ಲಿ, ಆಚೆ ದಡದಲ್ಲಿ ಯಾವ ಬಿಳಿ ಬಟ್ಟೆ ಕಂಡರೂ ಮೊದಲು ಹೊರಟದ್ದು ಎಲಿಸೇಯೊನ ದೋಣಿ. ಆಮೇಲೆ ರಸ್ತೆ ಬಂತು, ಫೋನು ಬಂತು, ಬಟ್ಟೆ ಹಾಕುವುದೇ ನಿಂತಿತು. ಈಗ ಸಾನ್ ಬ್ರೂನೊದಲ್ಲಿ ಪ್ರವಾಸಿಗರ ವಸತಿಗೃಹವಿದೆ. ಪದ್ಧತಿಯ ಗಂಧಗಾಳಿಯಿಲ್ಲದ ಯಜಮಾನ ದಿನಾ ಇಪ್ಪತ್ತು ದುಪ್ಪಟಿಗಳನ್ನು ನೀರಿನ ಎದುರಿಗೇ ಒಣಗಿಸುತ್ತಾನೆ. ಮೊದಲ ತಿಂಗಳು ಎಲಿಸೇಯೊ ಆ ಕಡೆ ನೋಡಿದಾಗಲೆಲ್ಲ ಅರ್ಧ ಎದ್ದು ನಿಲ್ಲುತ್ತಿದ್ದ. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟ.

ಹೀಗಿರುವಾಗ, ಒಂದು ಮಂಗಳವಾರ ಲಾಸ್ತೇನಿಯಾ ಮೀನಿನ ಹೋಟೆಲಿನಿಂದ ದುಡುದುಡು ಬಂದಳು. ಅವಳು ಅಲ್ಲಿ ಟ್ರೌಟ್ ಮೀನು ಶುಚಿಮಾಡುವ ಕೆಲಸಕ್ಕೆ ಹೋಗುತ್ತಾಳೆ.

“ನಾಳೆ ನಿವೃತ್ತ ಟೀಚರುಗಳ ಬಸ್ಸು ಬರ್ತದಂತೆ, ಇಪ್ಪತ್ತೆರಡು ಊಟ. ಯಾರಿಗೆ ಹುರಿದದ್ದು, ಯಾರಿಗೆ ಬೇಯಿಸಿದ್ದು ಅಂತ ಪಟ್ಟಿ ಕಳಿಸಿದಾರೆ.” ಅವಳು ಉಸಿರು ತೆಗೆದುಕೊಂಡಳು. “ಬೇಯಿಸಿದ್ದು ಬೇಕು ಅಂದೋರಲ್ಲಿ ಎಸ್ನೇದಾ ಕೈಸೆದೊ ಅಂತಿದೆ.”

ಎಲಿಸೇಯೊ ಬಲೆಯಿಂದ ಕಣ್ಣೆತ್ತಲಿಲ್ಲ. “ಆ ಹೆಸರಿನೋರು ಬೇಕಾದಷ್ಟು ಜನ ಇರ್ತಾರೆ.”

“ಇರ್ತಾರೆ, ಇರ್ತಾರೆ. ಬೆಳಿಗ್ಗೆ ಗಡ್ಡ ಬೋಳಿಸ್ಕೊ. ಹಣಿಗೆ ಕಿಟಕೀಲಿದೆ.” ಒಳಗೆ ಹೋದವಳು ಮತ್ತೆ ತಲೆ ಹೊರಹಾಕಿದಳು. “ಮತ್ತೆ ಕೇಳಿಸ್ಕೊ, ಅಣ್ಣ. ಈ ಸಲ ಜೋಡಿಸ್ತಾ ಕೂರ್ಬೇಡ.”

ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ಎಲಿಸೇಯೊಗೆ ಅದರಿಂದ ಆಶ್ಚರ್ಯವೇನೂ ಆಗಲಿಲ್ಲ. ಅವನಿಗೆ ಈಗ ಬೇಕಾಗಿದ್ದದ್ದು ಒಂದೇ: ಮಂಜಿರಲಿಲ್ಲ ಎಂದು ಎಸ್ನೇದಾಳ ಮುಂದೆ ತನ್ನ ಬಾಯಿಂದಲೇ ಹೇಳಬೇಕು. ಈಚೆ ದಡದಲ್ಲಿ ಮಂಜಿತ್ತೇನೋ ಎಂದು ಅವಳು ಪಾಪ ಅಷ್ಟು ವರ್ಷವೂ ನಂಬಿಕೊಂಡಿರಬಹುದು. ಇನ್ನೊಂದು ಸಲ ಅವಳು ಈ ದಡಕ್ಕೆ ಬರುವುದೆಂದು? ಇವನಾದರೂ ಇರುವುದೆಂದು?

ಬುಧವಾರ ಬಸ್ಸಿನಿಂದ ಇಳಿದವರಲ್ಲಿ ಹದಿನಾರು ಜನ ಮೋಟಾರು ದೋಣಿ ಹತ್ತಿದರು, ಆರು ಜನ ಸದ್ದಿಲ್ಲದ ದೋಣಿ ಬೇಕೆಂದರು. ಆರರಲ್ಲಿ ಅವಳಿದ್ದಳು. ಕೂದಲು ಪೂರ್ತಿ ಬಿಳಿ, ದಪ್ಪ ಕಪ್ಪು ಕನ್ನಡಕ, ಒಂದು ಮಂಡಿಗೆ ಪಟ್ಟಿ. ಸಂಘದವರು ಎಲ್ಲರಿಗೂ ತೊಡಿಸುವ ಆ ದರಿದ್ರ ಕಿತ್ತಳೆ ಬಣ್ಣದ ತೇಲುಜಾಕೀಟು ಬೇರೆ. ಅದನ್ನು ಹಾಕಿಕೊಂಡರೆ ರಾಣಿಯೂ ಕುಂಬಳಕಾಯಿಯ ಹಾಗೆ ಕಾಣುತ್ತಾಳೆ. ಆದರೂ ಅವಳು ದೋಣಿಯ ಅಂಚು ಹಿಡಿದು ಮೊದಲು ಎಡಗಾಲಿಟ್ಟ ರೀತಿ ನೋಡಿದ್ದೇ ಎಲಿಸೇಯೊಗೆ ಅವಳೇ ಎಂದು ಖಾತ್ರಿಯಾಯಿತು. ಅವಳು ಅವನ ಎದುರಿನ ಹಲಗೆಯ ಮೇಲೆ ಕೂತಳು. ಕೈ ನೀರಿಗೆ ತಾಗಿದಾಗ “ಅಚಿಚೈ!” ಎಂದಳು. ಚಳಿಯಾದಾಗ ನಮ್ಮವರು ಮಾಡುವ ಉದ್ಗಾರ ಅದು, ಕಣಿವೆಯವರಿಗೆ ಬಾರದು. ಕನ್ನಡಕದ ಹಿಂದಿನ ಕಣ್ಣು ಎಲ್ಲಿ ನೋಡುತ್ತಿದೆಯೋ ತಿಳಿಯದು.

ದ್ವೀಪದವರೆಗೆ ಅರ್ಧ ಗಂಟೆ. ಫ್ಲೋರಾಲ್ಬಾ ಎಂಬ ಮಾತುಗಾತಿ ಟೀಚರು ಬಾಯಿ ಮುಚ್ಚಲಿಲ್ಲ.

“ಯಜಮಾನ್ರೇ, ಎಷ್ಟು ಆಳ ಇದೆ?”

“ಮುಳುಗೋಕೆ ಸಾಕಾಗ್ತದೆ ಅಮ್ಮ.”

“ಅಯ್ಯೋ! ಎಂಥಾ ನಿಶ್ಶಬ್ದ ಕೇಳಿ, ಎಂಥಾ ನಿಶ್ಶಬ್ದ!” ಎಂದು ಅವಳು ದೊಡ್ಡ ದನಿಯಲ್ಲಿ ಹೇಳಿದಳು. “ನಿಮಗೆ ಎಷ್ಟು ಮಕ್ಕಳು?”

“ಇಲ್ಲ ಅಮ್ಮ. ಮದುವೆ ಆಗಲಿಲ್ಲ.”

“ಯಾಕ್ರೀ? ಇಷ್ಟು ಒಳ್ಳೆ ಹೆಗಲಿಟ್ಕೊಂಡು!” ಎಲ್ಲರೂ ನಕ್ಕರು. ಎಸ್ನೇದಾ ನಗಲಿಲ್ಲ.

ಎಲಿಸೇಯೊ ಒಳಗೊಳಗೇ ಮಾತು ಜೋಡಿಸುತ್ತಿದ್ದ. ‘ಟೀಚರಮ್ಮ, ಅವತ್ತು...’ ಆರು ಜನರ ಮುಂದೆ ಹೇಳುವುದು ಹೇಗೆ? ಹಿಂದೆ ಬರುವಾಗ ಹೇಳೋಣ ಎಂದುಕೊಂಡ. ಆಗಲೂ ಆರು ಜನರೇ ಇರುತ್ತಾರಲ್ಲ! ತನ್ನ ಮೇಲೇ ಅವನಿಗೆ ಸಿಟ್ಟು ಬಂತು. ನಲವತ್ತೊಂದು ವರ್ಷ ಕಳೆದರೂ ಬುದ್ಧಿ ಒಂದು ಗೇಣು ಬೆಳೆದಿಲ್ಲ.

ದ್ವೀಪದ ಕಟ್ಟೆಗೆ ದೋಣಿ ತಾಗಿತು. ಪುಟ್ಟ ಚರ್ಚೂ ಕಾಡಿನ ಕಾಲುದಾರಿಯೂ ಮೇಲಕ್ಕಿದ್ದವು. ಐದು ಜನ ಇಳಿದರು.

“ನೀವು ಹೋಗಿ ಬನ್ನಿ,” ಎಂದಳು ಎಸ್ನೇದಾ. “ಮೆಟ್ಟಿಲು ಅಂದ್ರೆ ನನ್ನ ಮಂಡಿ ಒಪ್ಪಲ್ಲ.”

ಫ್ಲೋರಾಲ್ಬಾಳ ದನಿ ಮರಗಳ ನಡುವೆ ಸಣ್ಣದಾಗುತ್ತ ಹೋಗಿ ಕೊನೆಗೆ ನಿಂತಿತು. ಎಸ್ನೇದಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಲಾಸ್ತೇನಿಯಾ ಹೇಗಿದಾಳೆ?” ಎಂದಳು, ಹೋದ ಭಾನುವಾರವಷ್ಟೇ ಬಿಟ್ಟು ಹೋದವಳ ಹಾಗೆ.

“ಚೆನ್ನಾಗಿದಾಳೆ. ಬಾಯಿ ಅಮ್ಮಂದೇ.” ಎಲಿಸೇಯೊ ಹುಟ್ಟಿನ ಹಿಡಿಯನ್ನು ಬಿಗಿಯಾಗಿ ಹಿಡಿದ. ಇನ್ನು ಜೋಡಿಸಲು ಹೋಗಲಿಲ್ಲ. “ಟೀಚರಮ್ಮ, ಆ ಶುಕ್ರವಾರ ಮಂಜಿತ್ತು ಅಂತ ನಾನು ಎಲ್ಲರ ಹತ್ರ ಹೇಳ್ದೆ. ಇರ್ಲಿಲ್ಲ. ನಿಮ್ಮ ಬಟ್ಟೆ ಕಾಣ್ತಿತ್ತು ನಂಗೆ.”

“ಗೊತ್ತು.”

“ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಬಟ್ಟೆ ನಿಂಗೆ ಕಂಡ್ರೆ ದೋಣಿ ನಂಗೆ ಕಾಣಲ್ವಾ?” ಅವಳ ದನಿ ಏರಲಿಲ್ಲ. “ಪೆಟ್ಟಿಗೆ ಮೇಲೆ ಕೂತು ನೋಡ್ತಾನೇ ಇದ್ದೆ. ನಡುನೀರಲ್ಲಿ ನಿನ್ನ ಹಸಿರು ದೋಣಿ. ಮೂರು ಗಂಟೆ. ನೀನು ತಿರುಗಿ ಹೋಗಿದ್ರೆ ಸಿಟ್ಟು ಮಾಡ್ಕೊಂಡು ಮರೆತುಬಿಡ್ತಿದ್ದೆ. ಬಂದಿದ್ರೆ... ಬರ್ಲಿಲ್ಲ, ಬಿಡು. ಆದ್ರೆ ಬರ್ಲೂ ಇಲ್ಲ, ಹೋಗ್ಲೂ ಇಲ್ಲ. ಅದನ್ನ ನಾನು ಏನಂತ ತಿಳ್ಕೋಬೇಕಿತ್ತು ಎಲಿಸೇಯೊ? ಅದೊಂದನ್ನ ಕೇಳ್ಬೇಕು ಅಂತಾನೇ ಬಂದೆ. ಈ ಮಂಡಿ ಇಟ್ಕೊಂಡು ಗುಡ್ಡ ನೋಡೋಕೆ ಯಾರು ಬರ್ತಾರೆ?”

ಎಲಿಸೇಯೊಗೆ ತಲೆ ಎತ್ತಲಾಗಲಿಲ್ಲ. ಅವಳಿಗೆ ಸುಳ್ಳು ಗೊತ್ತಿಲ್ಲ ಎಂದುಕೊಂಡಿದ್ದ. ಸುಳ್ಳು ತಾನು ಹೇಳುವ ಮೊದಲೇ ಅವಳು ನಿಜವನ್ನು ನೋಡಿಯಾಗಿತ್ತು. ಮೂರು ಗಂಟೆಯೂ ತಾನೊಬ್ಬನೇ ಕೂತಿರಲಿಲ್ಲ ಎನ್ನುವುದು ಅವನಿಗೆ ಈಗ ತಿಳಿಯಿತು, ನಾಚಿಕೆಯಿಂದ ಕಿವಿ ಸುಟ್ಟಿತು.

“ಮಾತು ಜೋಡಿಸ್ತಾ ಇದ್ದೆ,” ಎಂದ. “ಜೋಡಿಸಿ ಮುಗಿಸಿ ಬರೋಣ ಅಂತ. ಮುಗಿಯೋದ್ರೊಳಗೆ ಬಟ್ಟೆ ಇಳಿದಿತ್ತು.”

ಅವಳು ನಂಬದವಳ ಹಾಗೆ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ನಗುತ್ತಿದ್ದಂತೆ ಕಣ್ಣು ತುಂಬಿಕೊಂಡವು. ಜಾಕೀಟಿನ ಪಟ್ಟಿಯಿಂದಲೇ ಒರೆಸಿಕೊಂಡಳು. “ದೇವರೇ! ಮಾತು ಜೋಡಿಸ್ತಿದ್ದನಂತೆ. ನಾನೇನು ಪರೀಕ್ಷೆ ಇಟ್ಟಿದ್ನಾ? ಮುಗೀತಾ ಕೊನೆಗೆ?”

“ಮುಗೀತು.”

“ಯಾವಾಗ?”

“ಅಮ್ಮ ತೀರ್ಕೊಂಡ ವರ್ಷ ಇರ್ಬೇಕು. ಮೊದಲು ತುಂಬ ಉದ್ದ ಇತ್ತು. ಹೇಳ್ಕೊಂಡು ಹೇಳ್ಕೊಂಡು ಸವೆದುಹೋಯ್ತು. ಈಗ ಚೂರೇ ಉಳಿದಿದೆ.”

“ಹೇಳು, ಕೇಳೋಣ.”

ಎಲಿಸೇಯೊ ತಲೆಯ ಮೇಲಿನ ಟೋಪಿ ತೆಗೆದ. “ನಮ್ಮನೇಲಿ ಹೊಗೆ ಜಾಸ್ತಿ, ಟೀಚರಮ್ಮ. ಆದ್ರೂ ಬನ್ನಿ.”

ಚರ್ಚಿನ ಗಂಟೆಯನ್ನು ಯಾರೋ ಎಳೆದು ಬಾರಿಸಿದರು, ಫ್ಲೋರಾಲ್ಬಾಳೇ ಇರಬೇಕು.

“ಹೊಗೆ!” ಎಂದಳು ಎಸ್ನೇದಾ. “ಇದ್ದಿಲು ಸುಡೋ ಊರಲ್ಲಿ ನಾಲ್ಕು ವರ್ಷ ನಾನು ಏನು ಕುಡಿದೆ ಅಂದ್ಕೊಂಡಿದ್ದೆ, ಹಾಲಾ?” ಆಮೇಲೆ ನಿಧಾನವಾಗಿ ಹೇಳಿದಳು: “ನನ್ನ ಗಂಡ ಒಳ್ಳೇವ್ನು. ಲಾರಿ ಓಡಿಸ್ತಿದ್ದ. ಮೂರು ಜನ ಮಕ್ಕಳು. ಚೆನ್ನಾಗೇ ಇದ್ದೆ, ಎಲಿಸೇಯೊ, ನಿನ್ನ ಮುಂದೆ ಸುಳ್ಳು ಹೇಳಲ್ಲ. ಕೊರಗಿ ಕೂತಿರ್ಲಿಲ್ಲ. ಆದ್ರೆ ಕೇಳಿದ್ರೆ ಬರ್ತಿದ್ದೆ. ಅವತ್ತು ಬರ್ತಿದ್ದೆ.”

ಅಷ್ಟರಲ್ಲಿ ಐವರೂ ಗಲಗಲ ಮಾತಾಡುತ್ತ ಇಳಿದು ಬಂದರು. ಅವಳು ಕನ್ನಡಕ ಹಾಕಿಕೊಂಡಳು. ಅವನು ಟೋಪಿ ಹಾಕಿಕೊಂಡ.

ಹಿಂದಕ್ಕೆ ಬರುವ ಅರ್ಧ ಗಂಟೆಯೂ ಅವರು ಎದುರುಬದುರು ಕೂತಿದ್ದರು. ಫ್ಲೋರಾಲ್ಬಾ ಹಾಡು ಹೇಳಿಸಿದಳು. ಎಸ್ನೇದಾಳೂ ಸಣ್ಣಗೆ ಹಾಡಿದಳು. ಎಲಿಸೇಯೊ ಎಷ್ಟು ನಿಧಾನ ಹುಟ್ಟು ಹಾಕಿದನೆಂದರೆ ದಾರಿಯಲ್ಲಿ ಎರಡು ಬಾತುಕೋಳಿಗಳು ಅವರನ್ನು ದಾಟಿ ಮುಂದೆ ಹೋದವು. ಆದರೂ ದಡ ಬಂತು. ಅವಳನ್ನು ಇಳಿಸಲು ಕೈ ಕೊಟ್ಟ. ಸಾವಿರಾರು ಜನರಿಗೆ ಕೊಟ್ಟ ಕೈ ಅದು. ಅವಳು ಹಿಡಿದು, ಕಟ್ಟೆಯ ಮೇಲೆ ಎರಡು ಕಾಲೂ ಊರಿದ ಮೇಲೂ ಒಂದು ಗಳಿಗೆ ಬಿಡಲಿಲ್ಲ. “ಅಂಗೈ ಕಲ್ಲಾಗಿದೆಯಲ್ಲೋ,” ಎಂದಳು. ಊಟಕ್ಕೆ ಕರೆಯುತ್ತಿದ್ದರು. ಅವಳು ಹೋದಳು.

ಊಟದ ಹೊತ್ತಿನಲ್ಲಿ ಎಲಿಸೇಯೊ ಹೋಟೆಲಿನ ಕಡೆ ಹೋಗಲಿಲ್ಲ. ಲಾಸ್ತೇನಿಯಾ ಬೇಯಿಸಿದ ಮೀನನ್ನು ತಾನೇ ಬಡಿಸಿದಳಂತೆ, ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ತಬ್ಬಿಕೊಂಡು ನಿಂತಿದ್ದರಂತೆ. ಮೂರು ಗಂಟೆಗೆ ಬಸ್ಸು ಹಾರನ್ನು ಹೊಡೆಯಿತು. ಅವನು ಕಟ್ಟೆಯ ಮೇಲೆ ನಿಂತು, ಬಸ್ಸು ಗುಡ್ಡದ ತಿರುವುಗಳಲ್ಲಿ ಮರೆಯಾಗುತ್ತ, ಮತ್ತೆ ಕಾಣುತ್ತ, ಕೊನೆಗೆ ಕಾಣದೆ ಹೋಗುವವರೆಗೂ ನೋಡಿದ. ಸಂಘದವರು ಇನ್ನೊಂದು ತಂಡ ಇದೆ ಎಂದರು. ಇವತ್ತು ಆಗದು ಎಂದ.

ಆಮೇಲೆ ಖಾಲಿ ದೋಣಿ ಬಿಟ್ಟುಕೊಂಡು ನಡುನೀರಿಗೆ ಹೋದ. ಗಾಳಿ ನಿಂತಿತ್ತು. ಎದುರಿನ ಹಲಗೆ ಬರಿದಾಗಿತ್ತು. ಇಷ್ಟು ವರ್ಷ ಅವನಿಗೆ ಒಂದು ಸಮಾಧಾನವಿತ್ತು: ಕೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲವೇನೋ, ಆ ಹೊಗೆಯ ಮನೆಗೆ ಯಾರು ಬರುತ್ತಾರೆ ಎಂದು. ಆ ಸಮಾಧಾನವನ್ನು ಅವಳು ಬಸ್ಸಿನಲ್ಲಿ ಕೊಂಡೊಯ್ದಿದ್ದಳು. ಅವಳು ಬೇಕೆನ್ನಿಸಿತು, ಇಪ್ಪತ್ತೆಂಟರಲ್ಲಿ ಬೇಕೆನ್ನಿಸಿದ್ದಕ್ಕಿಂತ ಹೆಚ್ಚಾಗಿ, ಈ ಅರವತ್ತೊಂಬತ್ತರಲ್ಲಿ, ಇನ್ನು ಏನೂ ಮಾಡಲಾಗದ ಹೊತ್ತಿನಲ್ಲಿ. ಹುಟ್ಟು ಎಳೆಯುತ್ತ ಅವನು ಆ ಮಾತನ್ನು ಮತ್ತೊಮ್ಮೆ, ಗಟ್ಟಿಯಾಗಿ, ಬರಿದಾದ ಹಲಗೆಗೆ ಹೇಳಿದ. ಮಾತು ಮುಗಿಯುವ ಹೊತ್ತಿಗೆ ಹುಟ್ಟು ನೀರಿಗೆ ಬಿದ್ದು ಎದ್ದದ್ದು ಎರಡೇ ಸಲ.